ಸೋಸಿದ ಎಣ್ಣೆ ಬಯೋಡೀಸೆಲ್ ಅಲ್ಲ

ಕೆಟ್ಟ ಎಂಜಿನ್ ನನ್ನ ಹತ್ತಿರ ಬಂದದ್ದು ಈ ಬೇಸಿಗೆಯಲ್ಲಿ ಇದು ಮೂರನೇ ಸಲ. ಜಮಖಂಡಿ ಕಡೆಯ ರೈತರೊಬ್ಬರು ಟ್ರ್ಯಾಕ್ಟರಿನ ಡೀಸೆಲ್ ಪಂಪ್, ಎಂಜಿನ್ನಿನೊಳಗೆ ಡೀಸೆಲ್ ಸಿಡಿಸುವ ನಾಜಲ್ ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು ತಂದಿದ್ದರು. ನಾಜಲ್ ತುದಿಗೆ ಕಪ್ಪು ಮಸಿ ಗಟ್ಟಿಯಾಗಿ ಕೂತಿತ್ತು.

"ಏನು ಹಾಕಿದ್ರಿ?"

"ಬಯೋಡೀಸೆಲ್ ಸರ. ಬದುವಿನ ಹೊಂಗೆ ಬೀಜ ಗಾಣಕ್ಕ ಹಾಕ್ಸಿ, ಎಣ್ಣಿ ಅರಿವಿಯಾಗ ಎರಡು ಸಲ ಸೋಸೀನಿ. ಚೂರೂ ಕಸ ಇಲ್ರಿ."

ಕಸ ಇರಲಿಲ್ಲ, ನಿಜ. ಆದರೆ ಅದು ಬರೀ ಹೊಂಗೆ ಎಣ್ಣೆ. ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ನಾಜಲ್‌ನಿಂದ ಮಂಜಿನ ಹಾಗೆ ಸಿಡಿಯುವುದಿಲ್ಲ, ದಪ್ಪ ಹನಿಯಾಗಿ ಬೀಳುತ್ತದೆ. ಪೂರ್ತಿ ಉರಿಯದೆ ಮಸಿಯಾಗುತ್ತದೆ. ಮೊದಲ ಕೆಲವು ದಿನ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಜನ ಮೋಸ ಹೋಗುವುದು ಅಲ್ಲೇ.

ಎಣ್ಣೆಯಲ್ಲಿ ಮೂರು ಉದ್ದನೆಯ ಎಳೆಗಳನ್ನು ಒಂದು ಗ್ಲಿಸರಿನ್ ಗಂಟು ಹಿಡಿದಿಟ್ಟಿರುತ್ತದೆ. ಸೋಸಿದರೆ ಕಸ ಹೋಗುತ್ತದೆ, ಗಂಟು ಬಿಚ್ಚುವುದಿಲ್ಲ. ಅದನ್ನು ಬಿಚ್ಚಲು ಮೆಥನಾಲ್ ಎಂಬ ವಿಷದ ಸ್ಪಿರಿಟ್ ಬೇಕು, ಜೊತೆಗೆ ಸ್ವಲ್ಪ ಕಾಸ್ಟಿಕ್ ಸೋಡಾ, 60 ಡಿಗ್ರಿ ಆಸುಪಾಸಿನ ಬಿಸಿ. ಬಿಚ್ಚಿದ ಎಳೆಗಳು ಮೆಥನಾಲ್ ಜೊತೆ ಕೂಡಿದರೆ ಅದೇ ಬಯೋಡೀಸೆಲ್. 100 ಕೆಜಿ ಎಣ್ಣೆಗೆ ಸುಮಾರು 11 ಕೆಜಿ ಮೆಥನಾಲ್ ಕೂಡಿಕೊಂಡು, ಹತ್ತಿರ ಹತ್ತಿರ 100 ಕೆಜಿ ಬಯೋಡೀಸೆಲ್, 10 ಕೆಜಿಯಷ್ಟು ಗ್ಲಿಸರಿನ್ ಬರುತ್ತದೆ. ಆಮೇಲೆ ತೊಳೆದು, ನೀರಿನ ಪಸೆ ತೆಗೆಯಬೇಕು. ಹಳೇ ಬೀಜದ ಎಣ್ಣೆಯಲ್ಲಿ ಆಮ್ಲ ಜಾಸ್ತಿ. ಪರೀಕ್ಷೆ ಮಾಡದೆ ಸೋಡಾ ಹಾಕಿದರೆ ಕೈಗೆ ಸಿಗುವುದು ಸಾಬೂನು.

ಕಬ್ಬಿನ ರವದಿ, ಅಂದರೆ ಒಣ ಸೋಗೆಯಿಂದಲೂ ಇದು ಆಗುತ್ತಾ ಅಂತ ಮುಧೋಳದವರು ಕೇಳುತ್ತಾರೆ. ಈ ವಿಧಾನದಲ್ಲಿ ಆಗುವುದಿಲ್ಲ. ರವದಿಯಲ್ಲಿ ಎಣ್ಣೆಯೇ ಇಲ್ಲವಲ್ಲ.

ಓದಿಕೊಂಡ ಹುಡುಗರು ಇನ್ನೊಂದು ಮಾತು ತರುತ್ತಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲೇ ಓಡಿತ್ತಲ್ಲ ಸರ? ಓಡಿತ್ತು. ಆ ಎಂಜಿನ್ನಿನಲ್ಲಿ ಗಾಳಿಯ ಒತ್ತಡವೇ ಎಣ್ಣೆಯನ್ನು ಒಳಗೆ ಚಿಮ್ಮಿಸುತ್ತಿತ್ತು. ನಿಮ್ಮ ಟ್ರ್ಯಾಕ್ಟರಿನಲ್ಲಿ ಆ ಗಾಳಿಯ ಸಹಾಯ ಇಲ್ಲ, ನಾಜಲ್ ತೂತೂ ತೀರಾ ಸಣ್ಣದು.

ದಯವಿಟ್ಟು ಮೆಥನಾಲನ್ನು ಅಡುಗೆಮನೆಗೆ ತರಬೇಡಿ. ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋದೀತು. ಬೆಂಕಿ ಹತ್ತಿದರೆ ಹಗಲಲ್ಲಿ ಜ್ವಾಲೆ ಸರಿಯಾಗಿ ಕಾಣುವುದೇ ಇಲ್ಲ. ತಿಳಿದವರ ಜೊತೆ ನಿಂತೇ ಮಾಡಿ. ಟ್ರ್ಯಾಕ್ಟರ್ ವಾರಂಟಿಯಲ್ಲಿದ್ದರೆ ಮೊದಲು ಕಂಪನಿಯವರನ್ನು ಕೇಳಿ.

ಮೊನ್ನೆ ಆ ರೈತರು ಉಳಿದ ಎಣ್ಣೆ ತಂದಿದ್ದರು. ಒಂದು ಲೀಟರ್ ಇಬ್ಬರೂ ಕೂಡಿ ಮಾಡಿದೆವು. ರಾತ್ರಿಯಿಡೀ ಅಲುಗಿಸದೆ ಇಟ್ಟೆವು. ಬೆಳಿಗ್ಗೆ ಬಾಟಲಿಯ ತಳದಲ್ಲಿ ಕಂದು ಬಣ್ಣದ ಗ್ಲಿಸರಿನ್ ಮಂದವಾಗಿ ಕೂತಿತ್ತು. ಅವರು ಬಾಟಲಿಯನ್ನು ಬಿಸಿಲಿಗೆ ಹಿಡಿದು ತಳವನ್ನೇ ನೋಡಿದರು.

"ಇದಿಷ್ಟೂ ನನ್ನ ಎಂಜಿನ್ಯಾಗ ಹೊಂಟಿತ್ತೇನ್ರಿ ಸರ?"