ಆಫ್-ಗ್ರಿಡ್ ಅಂದರೆ ಸೋಲಾರ್ ಅಂತಲ್ಲ

‘ಕೊಟ್ಟಿಗೆಗೆ ಆಫ್-ಗ್ರಿಡ್ ಸೋಲಾರ್ ಪಂಪ್ ಹಾಕಿಸಿ, ಉಳಿದ ಕರೆಂಟ್ ಎಸ್ಕಾಂಗೆ ಮಾರಿ’ ಎಂಬ ಧಾಟಿಯ ಜಾಹೀರಾತುಗಳಿಗೆ ಈಗ ಬರವಿಲ್ಲ. ಆಫ್-ಗ್ರಿಡ್ ಆದಮೇಲೆ ಮಾರುವುದು ಯಾವ ತಂತಿಯಲ್ಲಿ?

ಗ್ರಿಡ್ ಎಂಬುದು ಗ್ರಿಡೈರನ್ ಪದದ ತುಂಡು. ಕೆಂಡದ ಮೇಲಿಟ್ಟು ಮಾಂಸ ಸುಡುವ ಕಬ್ಬಿಣದ ಸರಳುಗಳ ಜಾಲರಿಗೆ ಇಂಗ್ಲಿಷಿನಲ್ಲಿ ಆ ಹೆಸರು. ದೇಶದುದ್ದಕ್ಕೂ ವಿದ್ಯುತ್ ಮಾರ್ಗ ಹೆಣೆಯಲು ಬ್ರಿಟನ್ 1926ರಲ್ಲಿ ಕಾನೂನು ತಂದ ಕಾಲಕ್ಕೆ ಆ ಜಾಲರಿ ಒಲೆ ಬಿಟ್ಟು ಕಂಬ ಹತ್ತಿತು. ಆಫ್-ಗ್ರಿಡ್ ಎಂದರೆ ಆ ಜಾಲದ ಹೊರಗಿರುವುದು, ಅಷ್ಟೇ. ಬಿಸಿಲಿನ ನಂಟು ಇರಲೇಬೇಕೆಂದಿಲ್ಲ. ಡೀಸೆಲ್ ಎಂಜಿನ್ ಆಫ್-ಗ್ರಿಡ್. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಿದ್ದ ಕಪಿಲೆಯೂ ಆಫ್-ಗ್ರಿಡ್ಡೇ. ದನ ಕುಡಿಯುವ ನೀರನ್ನು ಅಲ್ಲಿ ದನವೇ ಎತ್ತುತ್ತಿತ್ತು.

ಮಾಡಿನ ಮೇಲೆ ಪ್ಯಾನೆಲ್ ಕೂತ ಕೂಡಲೇ ‘ನಮ್ಮದು ಆಫ್-ಗ್ರಿಡ್’ ಅನ್ನುವವರಿದ್ದಾರೆ. ಮೀಟರ್ ಮೂಲಕ ಎಸ್ಕಾಂ ತಂತಿಗೆ ಸೇರಿದ್ದರೆ ಅದು ಆನ್-ಗ್ರಿಡ್. ಬ್ಯಾಟರಿಯಿಲ್ಲದ ಆನ್-ಗ್ರಿಡ್‌ನಲ್ಲಿ ಕರೆಂಟ್ ಹೋದರೆ ಸುಡುಬಿಸಿಲಿದ್ದರೂ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಕೆಟ್ಟಿದೆ ಎಂದು ಮೆಕ್ಯಾನಿಕ್‌ನನ್ನು ಕರೆಸಬೇಡಿ. ಲೈನ್‌ಮನ್ ಕಂಬದ ಮೇಲಿರುವಾಗ ನಿಮ್ಮ ಪ್ಯಾನೆಲ್ಲಿನ ಕರೆಂಟ್ ತಂತಿಗೆ ಹರಿದರೆ ಅವನ ಜೀವಕ್ಕೇ ಅಪಾಯ, ಅದಕ್ಕಾಗಿಯೇ ಆ ಏರ್ಪಾಟು. ಏಪ್ರಿಲ್ ಮಧ್ಯಾಹ್ನ ಬಾನಿ ಒಣಗಿ ಹಸು ಕೂಗಿಕೊಳ್ಳುವಾಗ ಈ ವ್ಯತ್ಯಾಸ ಚೆನ್ನಾಗಿಯೇ ಅರ್ಥವಾಗುತ್ತದೆ.

ರೈತರ ಪಂಪಿಗೆ ಸೌರಶಕ್ತಿ ಕೊಡಲು ಕೇಂದ್ರ ಸರ್ಕಾರ ತಂದ 2019ರ ಪಿಎಂ-ಕುಸುಮ್ ಯೋಜನೆಯಲ್ಲೂ ಎರಡೂ ಇವೆ. ‘ಬಿ’ ಭಾಗದ್ದು ಜಾಲಕ್ಕೆ ಸೇರದ ಸ್ವತಂತ್ರ ಪಂಪು, ‘ಸಿ’ ಭಾಗದ್ದು ಜಾಲದಲ್ಲೇ ಇರುವ ಪಂಪುಗಳಿಗೆ ಸೌರಶಕ್ತಿ. ಪಂಪುಗಳಿಗೆ ಕರೆಂಟ್ ತರುವ ಇಡೀ ಮಾರ್ಗಕ್ಕೇ, ಅಂದರೆ ಫೀಡರ್‌ಗೇ, ಸೌರಶಕ್ತಿ ಕೊಟ್ಟ ಕಡೆ ರೈತನ ಹೊಲದಲ್ಲಿ ಒಂದು ಪ್ಯಾನೆಲ್ಲೂ ಇರಬೇಕಿಲ್ಲ. ಊರಲ್ಲಿ ಎರಡಕ್ಕೂ ಒಂದೇ ಹೆಸರು, ಸೋಲಾರ್ ಪಂಪ್‌ಸೆಟ್.

ಆಫ್-ಗ್ರಿಡ್ ಅಂದಮೇಲೆ ಬ್ಯಾಟರಿ ಬೇಕೇ ಬೇಕು ಅನ್ನುವವರದ್ದು ಇನ್ನೊಂದು ವರಸೆ. ರಾತ್ರಿ ದೀಪ ಉರಿಯಬೇಕಾದರೆ ಬೇಕು, ಸರಿ. ನೀರಿಗೆ ಏಕೆ? ಹಗಲಿಡೀ ಎತ್ತಿ ಎತ್ತರದ ತೊಟ್ಟಿಯಲ್ಲಿ ತುಂಬಿಸಿದರೆ ಸಂಜೆ ಕರೆದಾದ ಮೇಲೆ ಹಸು ಕುಡಿಯಲು ಕರೆಂಟಿನ ಹಂಗಿಲ್ಲ.

ಲೆಕ್ಕವೂ ಭಯಂಕರವೇನಲ್ಲ. ಕರೆಯುವ 50 ಹಸುಗಳಿಗೆ ಬೇಸಿಗೆಯಲ್ಲಿ ತಲಾ 100 ಲೀಟರ್ ಎಂದರೂ ದಿನಕ್ಕೆ 5,000 ಲೀಟರ್. ಅದನ್ನು 50 ಮೀಟರ್ ಮೇಲೆತ್ತಲು ಸುಮಾರು 0.7 ಯೂನಿಟ್ ಸಾಕು. ಪಂಪಿನಲ್ಲಿ ಸೋರಿಹೋಗುವುದನ್ನೂ ಸೇರಿಸಿ 2 ಯೂನಿಟ್ ಹಿಡಿಯಿರಿ. ಐದು ಗಂಟೆಯ ಒಳ್ಳೆ ಬಿಸಿಲು, ಪ್ಯಾನೆಲ್ ಮೇಲಿನ ಧೂಳು ಎಲ್ಲ ಗಣಿಸಿದರೆ 600 ವಾಟ್ ಆಸುಪಾಸಿನ ಪ್ಯಾನೆಲ್ ಸಾಕು. ನೀರು ಸಾವಿರ ಅಡಿ ಆಳದಲ್ಲಿದ್ದರೆ ಇದರ ಆರು ಪಟ್ಟು ಬೇಕು, ಅದು ಬೇರೆ ಮಾತು. ಹತ್ತು ಹಸುವಿಗೆ, ಐವತ್ತು ಮೀಟರಿನಿಂದ ನೀರೆತ್ತಲು, ಐದು ಎಚ್‌ಪಿ ಕೂರಿಸುವ ಆಸೆ ಮಾತ್ರ ನನಗೆ ಅರ್ಥವಾಗಿಲ್ಲ. ಆ ದುಡ್ಡಿನಲ್ಲಿ ಒಂದಷ್ಟನ್ನು ತೊಟ್ಟಿಗೆ ಹಾಕಿ. ಮೋಡ ಕವಿದಾಗ ಮೂರು ದಿನ ಬರುವಷ್ಟು ನೀರು ಹಿಡಿಯಲಿ, ತುಂಬಿದಾಗ ಪಂಪ್ ನಿಲ್ಲಿಸಲು ಒಂದು ಫ್ಲೋಟ್ ಸ್ವಿಚ್ ಇರಲಿ.