ನಾಳೆ ಬೆಳಿಗ್ಗೆ ಆ ಹೊಲ ದಾಟಬಹುದಾ?

60 ಟನ್ನಿಗಿಂತ ಜಾಸ್ತಿ ತೂಕದ ಲೆಪರ್ಡ್ ಟ್ಯಾಂಕ್‌ಗಳ ಒಂದು ಸಾಲು ನಾಳೆ ಬೆಳಿಗ್ಗೆ ಒಂದು ಹೊಲ ದಾಟಬೇಕು. ದಾಟಬಹುದಾ?

ಈ ಪ್ರಶ್ನೆಯನ್ನು ನಕ್ಷೆ ಮಾಡುವವರ ಹತ್ತಿರ ಕೇಳಿದರೆ ಹೊಲ ತೋರಿಸುತ್ತಾರೆ, ಇಳಿಜಾರು ಹೇಳುತ್ತಾರೆ, ಅಲ್ಲಿರೋದು ಜೇಡಿಮಣ್ಣು ಅನ್ನುತ್ತಾರೆ. ಹವಾಮಾನದವರ ಹತ್ತಿರ ಕೇಳಿದರೆ ರಾತ್ರಿ ಇಷ್ಟು ಮಿಲಿಮೀಟರ್ ಮಳೆ ಅನ್ನುತ್ತಾರೆ. ಇಬ್ಬರೂ ಸರಿ. ಆದರೆ ಇಬ್ಬರಲ್ಲಿ ಯಾರೂ ಉತ್ತರ ಕೊಟ್ಟಿಲ್ಲ. ಒಣಗಿದ ಜೇಡಿಮಣ್ಣು ಸಿಮೆಂಟಿನಷ್ಟು ಗಟ್ಟಿ, ನೆನೆದರೆ ಬೆಣ್ಣೆ. ಮಣ್ಣು, ಇಳಿಜಾರು, ಹಿಂದಿನ ದಿನಗಳ ಮಳೆ, ಮುಂದಿನ ರಾತ್ರಿಯ ಮಳೆ, ಇವೆಲ್ಲ ಒಂದೇ ಮೇಜಿನ ಮೇಲೆ ಬಂದಾಗಲೇ ಉತ್ತರ ಸಿಗೋದು. ಇನ್ನೊಂದು ತಮಾಷೆ ಅಂದರೆ, ಹೊಲದಲ್ಲಿ ಮೊದಲು ಹೂತುಕೊಳ್ಳೋದು ಸಾಮಾನ್ಯವಾಗಿ ಟ್ಯಾಂಕ್ ಅಲ್ಲ, ಅದರ ಹಿಂದೆ ಡೀಸೆಲ್ ಹೊತ್ತು ಬರುವ ಲಾರಿ. ಅಗಲವಾದ ಚೈನು ಟ್ಯಾಂಕಿನ ಭಾರವನ್ನು ಹಂಚಿಬಿಡುತ್ತದೆ. ಲಾರಿಯ ಭಾರವೆಲ್ಲ ನಾಲ್ಕಾರು ಟೈರುಗಳ ಮೇಲೆ.

ಆ ಒಂದೇ ಮೇಜು ಜರ್ಮನಿಯ ಸೇನೆಯಲ್ಲಿ ಇದೆ. ಬಾನ್ ಊರಿಗೆ ಹತ್ತಿರದ ಓಯ್ಸ್‌ಕಿರ್ಶನ್‌ನಲ್ಲಿ ಬುಂಡೆಸ್‌ವೇರ್‌ನ, ಅಂದರೆ ಜರ್ಮನ್ ಸೇನೆಯ, ಭೂಮಾಹಿತಿ ಕೇಂದ್ರ ಇದೆ. ಅದು ಇರುವ ಸೇನಾ ನೆಲೆಗೆ ನಕ್ಷೆಗಾರ ಮರ್ಕೇಟರ್‌ನ ಹೆಸರು. 2003ರವರೆಗೆ ಇವು ಎರಡು ಬೇರೆ ಕಚೇರಿಗಳು. ನಕ್ಷೆಯವರು ಓಯ್ಸ್‌ಕಿರ್ಶನ್‌ನಲ್ಲಿ, ಹವಾಮಾನದವರು ಮೋಸೆಲ್ ನದಿ ದಡದ ಟ್ರಾಬೆನ್-ಟ್ರಾರ್ಬಾಖ್‌ನಲ್ಲಿ, ಗುಡ್ಡದೊಳಗೆ ಐದು ಅಂತಸ್ತು ಕೆಳಗಿಳಿದ ಬಂಕರಿನಲ್ಲಿ. ಆಕಾಶ ನೋಡಬೇಕಾದವರು ನೆಲದಡಿ ಕೂತಿದ್ದರು! ಸೇನೆ ಖಾಲಿ ಮಾಡಿದ ಮೇಲೆ ಆ ಬಂಕರ್ ಖಾಸಗಿಯವರ ಕೈಗೆ ಹೋಯಿತು. 2019ರ ಸೆಪ್ಟೆಂಬರ್‌ನಲ್ಲಿ ಪೊಲೀಸರು ನುಗ್ಗಿದಾಗ ಒಳಗೆ ಇದ್ದದ್ದು ಡಾರ್ಕ್‌ನೆಟ್ ಅನ್ನುವ ಗುಪ್ತ ಇಂಟರ್ನೆಟ್ಟಿನ ವ್ಯಾಪಾರಕ್ಕೆ ಜಾಗ ಕೊಟ್ಟಿದ್ದ ಸರ್ವರ್‌ಗಳು. ಅದು ಬೇರೆ ಕಥೆ, ಬಿಡಿ.

ನನ್ನ ಕೆಲಸ ಎತ್ತರದ ಡೇಟಾ. ಹಾಗಾಗಿ ಆ ಭಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕ್ಷಮಿಸಿ. ಟ್ಯಾನ್‌ಡೆಮ್-ಎಕ್ಸ್ ಅನ್ನುವ ಜರ್ಮನ್ ಉಪಗ್ರಹ 2010ರಲ್ಲಿ ಹಾರಿತು. ತನಗಿಂತ ಮೂರು ವರ್ಷ ದೊಡ್ಡದಾದ ಜೋಡಿ ಉಪಗ್ರಹದ ಪಕ್ಕದಲ್ಲೇ ಸುತ್ತುತ್ತಾ ರೇಡಾರ್‌ನಿಂದ ಇಡೀ ಭೂಮಿಯ ನೆಲವನ್ನು ಅಳೆಯಿತು. ಪ್ರತಿ 12 ಮೀಟರಿಗೆ ಒಂದು ಎತ್ತರ. ಮೋಡ ಇದ್ದರೂ, ರಾತ್ರಿಯಾದರೂ ರೇಡಾರ್‌ಗೆ ಲೆಕ್ಕವಿಲ್ಲ. ಹೆಲಿಕಾಪ್ಟರ್ ಯಾವ ಕಣಿವೆಯಲ್ಲಿ ಮರೆಯಾಗಿ ಹಾರಬಹುದು, ಯಾವ ಗುಡ್ಡದ ಮೇಲೆ ನಿಂತರೆ ರೇಡಿಯೋ ಸಿಗ್ನಲ್ ಆಚೆ ಬದಿಗೆ ಮುಟ್ಟುತ್ತದೆ ಅನ್ನುವ ಲೆಕ್ಕಗಳಿಗೆಲ್ಲ ಇಂಥ ಡೇಟಾ ಬೇಕು.

ಕೇಳೋಕೆ ಸುಲಭ. ಆದರೆ 'ಎತ್ತರ' ಅಂದರೆ ಯಾವುದರಿಂದ ಎತ್ತರ? ಉಪಗ್ರಹ ಅಳೆಯೋದು ಗಣಿತದ ಒಂದು ನುಣುಪಾದ, ತುಸು ಚಪ್ಪಟೆಯಾದ ಗೋಳದಿಂದ. ನಕ್ಷೆಯಲ್ಲಿ ಬರೆಯೋದು ಸಮುದ್ರಮಟ್ಟದಿಂದ. ಪಶ್ಚಿಮ ಜರ್ಮನಿಯಲ್ಲಿ ಈ ಎರಡರ ನಡುವೆ ಸುಮಾರು 47 ಮೀಟರ್ ಅಂತರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ಮೂಲದ ಡೇಟಾವನ್ನು ನೋಡದೆ ಜೋಡಿಸಿಬಿಟ್ಟಿದ್ದೆ. ಬಣ್ಣ ಹಚ್ಚಿ ಖುಷಿಯಾಗಿ ತೋರಿಸಿದೆ. ನಮ್ಮ ಹಿರಿಯರು ಒಂದೇ ನಿಮಿಷ ನೋಡಿ, "ನಿನ್ನ ನದಿ ಇಲ್ಲಿ ಗೋಡೆ ಹತ್ತುತ್ತಿದೆಯಲ್ಲಪ್ಪಾ" ಅಂದರು. ಹಾಳೆಯ ಅಂಚಿನಲ್ಲಿ ಹದಿನೈದು ಅಂತಸ್ತಿನ ಕಟ್ಟಡದಷ್ಟು ಎತ್ತರದ ಗೋಡೆ ಎದ್ದಿತ್ತು.

ಎರಡೂ ಕಡೆ ಸಮುದ್ರಮಟ್ಟವೇ ಆದರೂ ತಪ್ಪಿದ್ದಲ್ಲ. ಎತ್ತರ ಎಣಿಸೋಕೆ ಶುರುಮಾಡುವ ಸೊನ್ನೆ ಜರ್ಮನಿಗೆ ಆಮ್‌ಸ್ಟರ್‌ಡ್ಯಾಮ್‌ನದು, ಸ್ವಿಟ್ಜರ್‌ಲೆಂಡ್‌ನದು ಮಾರ್ಸೇ ಬಂದರಿನದು. ವ್ಯತ್ಯಾಸ 27 ಸೆಂಟಿಮೀಟರ್. ಲೌಫೆನ್‌ಬುರ್ಗ್‌ನಲ್ಲಿ ರೈನ್ ನದಿಗೆ ಎರಡೂ ಕಡೆಯಿಂದ ಸೇತುವೆ ಕಟ್ಟುತ್ತಾ ಬಂದವರಿಗೆ ಇದು ಗೊತ್ತಿತ್ತು. ಸರಿಪಡಿಸಿದರು ಕೂಡ. ಆದರೆ ಕೂಡಬೇಕಾದ ಕಡೆ ಕಳೆದರು. 27 ಹೋಗಿ 54 ಆಯಿತು. ಸೇನೆಯಲ್ಲಿ ಇಂಥ ಎಡವಟ್ಟು ಆಗಕೂಡದು, ಅಲ್ಲಿ ಒಂದು ದೇಶದ ಫಿರಂಗಿಗೆ ಇನ್ನೊಂದು ದೇಶದವರು ಗುರಿ ಹೇಳುತ್ತಾರೆ. ಅದಕ್ಕೇ ನ್ಯಾಟೋ ದೇಶಗಳು ಒಂದೇ ಗ್ರಿಡ್, ಅಂದರೆ ಜಾಗ ಗುರುತಿಸುವ ಚೌಕಗಳ ಜಾಲ, ಇಟ್ಟುಕೊಂಡಿವೆ. 32ಯು ಎಲ್‌ಬಿ ಅಂದರೆ ಕಲೋನ್ ನಗರ ಇರುವ 100 ಕಿಲೋಮೀಟರ್ ಚೌಕ. ಅದರ ಮುಂದೆ ಆರು ಅಂಕಿ ಹೇಳಿದರೆ 100 ಮೀಟರಿನ ಚೌಕ, ಎಂಟು ಹೇಳಿದರೆ 10 ಮೀಟರ್, ಹತ್ತು ಹೇಳಿದರೆ 1 ಮೀಟರ್. ರೇಡಿಯೋದಲ್ಲಿ ಗಲಾಟೆಯ ನಡುವೆ ಓದಿ ಹೇಳೋಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಂಡಿಲ್ಲ.

ಇನ್ನು ಗಾಳಿ. ಸೇನೆಗೆ ಹವಾಮಾನ ಯಾಕೆ ಅಂದರೆ ವಿಮಾನಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಫಿರಂಗಿಯನ್ನು ಮರೆಯುತ್ತಾರೆ. 30 ಕಿಲೋಮೀಟರ್ ದೂರಕ್ಕೆ ಹಾರಿಸಿದ ಗುಂಡು ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಗಾಳಿಯಲ್ಲಿರುತ್ತದೆ, ಹಲವು ಕಿಲೋಮೀಟರ್ ಎತ್ತರಕ್ಕೆ ಹೋಗಿ ಇಳಿಯುತ್ತದೆ. ನೆಲದಲ್ಲಿ ತಂಗಾಳಿ ಇದ್ದಾಗ ಮೇಲೆ ಬಿರುಗಾಳಿ ಇರಬಹುದು. ಚಳಿಯ ಗಾಳಿ ದಪ್ಪ, ಗುಂಡು ಹತ್ತಿರದಲ್ಲೇ ಬೀಳುತ್ತದೆ. ಇದನ್ನು ತಿಳಿಯೋಕೆ ಇವತ್ತಿಗೂ ಬಲೂನೇ ಗತಿ. ಹೀಲಿಯಂ ಅಥವಾ ಹೈಡ್ರೋಜನ್ ತುಂಬಿದ ಬಲೂನಿಗೆ ಅಂಗೈಯಗಲದ ಒಂದು ಪೆಟ್ಟಿಗೆ ಕಟ್ಟಿ ಬಿಡುತ್ತಾರೆ. ಅದು ನಿಮಿಷಕ್ಕೆ ಸುಮಾರು 300 ಮೀಟರ್ ಏರುತ್ತಾ ಉಷ್ಣತೆ, ತೇವ, ಗಾಳಿಯ ವೇಗ ಎಲ್ಲ ಕಳಿಸುತ್ತದೆ. ಕೊನೆಗೆ ಉಬ್ಬಿ ಉಬ್ಬಿ ಒಡೆಯುತ್ತದೆ.

ಮುನ್ಸೂಚನೆಯ ದೊಡ್ಡ ಲೆಕ್ಕ ಮಾತ್ರ ಸೇನೆಯೊಬ್ಬರದಲ್ಲ. ಓಫನ್‌ಬಾಖ್‌ನಲ್ಲಿರುವ ಜರ್ಮನಿಯ ನಾಗರಿಕ ಹವಾಮಾನ ಇಲಾಖೆಯ ಐಕಾನ್ ಅನ್ನುವ ಕಂಪ್ಯೂಟರ್ ಮಾಡೆಲ್ ಇಡೀ ಭೂಮಿಯನ್ನು 13 ಕಿಲೋಮೀಟರ್ ಜಾಲದಲ್ಲಿ ಲೆಕ್ಕ ಹಾಕುತ್ತದೆ, ಜರ್ಮನಿಯ ಮೇಲೆ 2 ಕಿಲೋಮೀಟರಿಗೆ ಹತ್ತಿರ. ಆ ಲೆಕ್ಕ ತಂದು 'ಈ ಹೊಲ, ಈ ಬೆಳಿಗ್ಗೆ' ಅನ್ನುವಲ್ಲಿಗೆ ಇಳಿಸೋದು ಸೇನೆಯವರ ಕೆಲಸ.

ನಕ್ಷೆಗೂ ಮಳೆಗೂ ಇರುವ ನಂಟು ಓಯ್ಸ್‌ಕಿರ್ಶನ್‌ನ ಬಾಗಿಲಿಗೇ ಬಂದದ್ದೂ ಉಂಟು. 2021ರ ಜುಲೈ 14ರಂದು ಆ ಭಾಗದಲ್ಲಿ ಒಂದು ದಿನಕ್ಕೆ 100 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯಿತು. ಊರಿನ ಹತ್ತಿರದ ಸ್ಟೈನ್‌ಬಾಖ್ ಅಣೆಕಟ್ಟು ಒಡೆಯುತ್ತದೆ ಅಂತ ಹಳ್ಳಿಗಳನ್ನು ಖಾಲಿ ಮಾಡಿಸಿದರು. ಪಕ್ಕದ ಆರ್ ನದಿಯ ಕಣಿವೆಯಲ್ಲಿ ಹೆಚ್ಚಿನ ಸೇತುವೆಗಳು ಹಾಳಾದವು. ಅಂದರೆ ಹಿಂದಿನ ದಿನ ಸರಿಯಿದ್ದ ನಕ್ಷೆ ಮರುದಿನ ಬೆಳಿಗ್ಗೆ ಸುಳ್ಳು. ಇಂಥ ಹೊತ್ತಲ್ಲಿ ಹೊಸ ಚಿತ್ರ ತೆಗೆಸಿ, ಯಾವ ರಸ್ತೆ ಉಳಿದಿದೆ ಅಂತ ಗುರುತು ಹಾಕಿ ಕೊಡೋದೇ ಮೊದಲ ಕೆಲಸ.

ಅದಕ್ಕೇ ಯಾವ ನಕ್ಷೆ ಕೈಗೆ ಬಂದರೂ ನಾನು ಮೊದಲು ನೋಡೋದು ನಡುವಿನ ಚಿತ್ರವನ್ನಲ್ಲ, ಅಂಚನ್ನು. ಮಾಹಿತಿ ಯಾವ ವರ್ಷದ್ದು, ಎತ್ತರ ಯಾವ ಸೊನ್ನೆಯಿಂದ, ದಿಕ್ಸೂಚಿ ತೋರಿಸುವ ಉತ್ತರ ದಿಕ್ಕು ಎಷ್ಟು ಸರಿದಿದೆ ಅನ್ನೋದೆಲ್ಲ ಸಣ್ಣ ಅಕ್ಷರದಲ್ಲಿ ಅಲ್ಲೇ ಇರುತ್ತದೆ. ಅಂಚು ಕತ್ತರಿಸಿ ಫ್ರೇಮ್ ಹಾಕಿಸಿದ ಮ್ಯಾಪ್ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.