ಹಾಡಿನ ಹಕ್ಕು, ಡಿಸ್ಕಿನ ಆಯುಷ್ಯ: ‘ಮಯಾಮಿ ವೈಸ್’ ಮರುವೀಕ್ಷಣೆಯ ಹಿನ್ನೆಲೆ

1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಒಂದು ತೀರ್ಪು ಕೊಟ್ಟಿತು. ಟಿ.ವಿ.ಯಲ್ಲಿ ಬರುವ ಕಾರ್ಯಕ್ರಮವನ್ನು ಬಿಡುವಾದಾಗ ನೋಡಲೆಂದು ಮನೆಯಲ್ಲಿ ಕ್ಯಾಸೆಟ್‌ಗೆ ಇಳಿಸಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂಬುದು ಅದರ ಸಾರ. ಗೆದ್ದದ್ದು ಬೀಟಾಮ್ಯಾಕ್ಸ್ ಯಂತ್ರ ತಯಾರಿಸಿದ ಸೋನಿ, ಸೋತವರಲ್ಲಿ ಮುಖ್ಯವಾದದ್ದು ಯೂನಿವರ್ಸಲ್ ಸ್ಟುಡಿಯೊ. ಅದೇ ವರ್ಷದ ಸೆಪ್ಟೆಂಬರ್ 16ರಂದು ಅದೇ ಯೂನಿವರ್ಸಲ್‌ನ ಟಿ.ವಿ. ವಿಭಾಗ ತಯಾರಿಸಿದ ‘ಮಯಾಮಿ ವೈಸ್’ ಎನ್‌ಬಿಸಿ ಜಾಲದಲ್ಲಿ ಶುರುವಾಯಿತು. ಜನ ಮನೆಯಲ್ಲಿ ಮುದ್ರಿಸಿಕೊಳ್ಳಬಾರದು ಎಂದು ಎಂಟು ವರ್ಷ ಕೋರ್ಟು ಅಲೆದ ಸಂಸ್ಥೆಯೇ, ಮುದ್ರಿಸಿಟ್ಟುಕೊಳ್ಳದೆ ಇರಲಾಗದಂಥ ಪೊಲೀಸ್ ಧಾರಾವಾಹಿಯೊಂದನ್ನು ಹೊರತಂದಿತ್ತು.

ನಮ್ಮಲ್ಲಿ ಆಗ ಟಿ.ವಿ. ಇನ್ನೂ ಹಾಲುಗಲ್ಲದ ಕೂಸು. ಬೆಂಗಳೂರು ದೂರದರ್ಶನ ಕೇಂದ್ರಕ್ಕೆ ಮೂರು ವರ್ಷವೂ ತುಂಬಿರಲಿಲ್ಲ. ದೇಶದ ಮೊದಲ ದೊಡ್ಡ ಧಾರಾವಾಹಿ ‘ಹಮ್ ಲೋಗ್’ ಆರಂಭವಾಗಿದ್ದು ಅದೇ ವರ್ಷದ ಜುಲೈಯಲ್ಲಿ. ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆಯ ಮನೆಗಳಿಗೆ ಇಂಥ ಸರಕು ಬರುತ್ತಿದ್ದದ್ದು ಅಮೆರಿಕ ಸೇರಿದ ಮಗನದೋ ಅಳಿಯನದೋ ಪೆಟ್ಟಿಗೆಯಲ್ಲಿ. ಅಲ್ಲಿಯ ಟಿ.ವಿ.ಯಿಂದ ನೇರವಾಗಿ ಮುದ್ರಿಸಿದ ಕ್ಯಾಸೆಟ್, ನಡುನಡುವೆ ಸಾಬೂನು, ಕಾರುಗಳ ಜಾಹೀರಾತುಗಳ ಸಮೇತ. ತಂದವರಿಗೂ ತರಿಸಿಕೊಂಡವರಿಗೂ ಗೊತ್ತಿಲ್ಲದ ತೊಡಕು ಒಂದಿತ್ತು. ಅಮೆರಿಕದ ಟಿ.ವಿ. ಆಗ ಎನ್‌ಟಿಎಸ್‌ಸಿ ಎಂಬ ಪ್ರಸಾರ ಪದ್ಧತಿಯದು, ನಮ್ಮದು ಪಾಲ್ ಎಂಬ ಬೇರೊಂದು. ಎರಡನ್ನೂ ಓದಬಲ್ಲ ವಿಸಿಆರ್ ಇಲ್ಲದ ಮನೆಯಲ್ಲಿ ಚಿತ್ರ ಬಣ್ಣ ಕಳೆದುಕೊಂಡು ಮೇಲಿಂದ ಕೆಳಗೆ ಉರುಳುತ್ತಿತ್ತು. ಬಣ್ಣಕ್ಕಾಗಿಯೇ ಹೆಸರಾದ ಧಾರಾವಾಹಿಯನ್ನು ನಾನು ಮೊದಲು ನೋಡಿದ್ದು ಕಪ್ಪುಬಿಳುಪಿನಲ್ಲಿ!

ಕಥೆಯ ಎಲುಬು ಹೊಸದೇನಲ್ಲ. ಮಯಾಮಿ ಪೊಲೀಸಿನ ಸನ್ನಿ ಕ್ರಾಕೆಟ್ (ಡಾನ್ ಜಾನ್ಸನ್), ಅಣ್ಣನನ್ನು ಕೊಂದವನ ಜಾಡು ಹಿಡಿದು ನ್ಯೂಯಾರ್ಕ್‌ನಿಂದ ಬಂದ ರಿಕಾರ್ಡೊ ಟಬ್ಸ್ (ಫಿಲಿಪ್ ಮೈಕಲ್ ಥಾಮಸ್) ಇಬ್ಬರೂ ವೇಷ ಮರೆಸಿಕೊಂಡು ಮಾದಕವಸ್ತು ದಂಧೆಯ ಒಳಹೊಕ್ಕುತ್ತಾರೆ. ಇದನ್ನು ಕಲ್ಪಿಸಿದ ಆಂತೊನಿ ಯೆರ್ಕೊವಿಚ್ ಅದಕ್ಕೂ ಮೊದಲು ‘ಹಿಲ್ ಸ್ಟ್ರೀಟ್ ಬ್ಲೂಸ್’ ಎಂಬ ಪೊಲೀಸ್ ಧಾರಾವಾಹಿಗೆ ಬರೆದವರು, ಮಾಸಿದ ಗೋಡೆ, ಕಿಕ್ಕಿರಿದ ಠಾಣೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು, ಇದು ಅಲ್ಲಿಯ ಹದ. ‘ಮಯಾಮಿ ವೈಸ್’ನಲ್ಲಿ ಎಲ್ಲವೂ ತಿರುಗುಮುರುಗಾಯಿತು. ಕಾರ್ಯಕಾರಿ ನಿರ್ಮಾಪಕ ಮೈಕಲ್ ಮ್ಯಾನ್ ಮಣ್ಣಿನ ಬಣ್ಣಗಳಿಗೆ ನಿಷೇಧ ಹಾಕಿದರು. ಗೋಡೆ, ಅಂಗಿ, ಕುರ್ಚಿ ಯಾವುದರಲ್ಲೂ ಕಂದು, ಕಾವಿ ಕಾಣಿಸಬಾರದು. ತಿಳಿಗುಲಾಬಿ, ಸಮುದ್ರದ ಹಸಿರು, ಬಿಳಿ ಇರಲಿ. ಒಂದು ಕಂತಿಗೆ ಸುಮಾರು 13 ಲಕ್ಷ ಡಾಲರ್ ಖರ್ಚಾಗುತ್ತಿತ್ತು, ಆ ಕಾಲಕ್ಕೆ ಅದು ಹುಬ್ಬೇರಿಸುವ ಮೊತ್ತ. ಅಷ್ಟಿದ್ದೂ ಮೊದಲೆರಡು ವರ್ಷ ಕ್ರಾಕೆಟ್ ಓಡಿಸುವ ಕಪ್ಪು ಫೆರಾರಿ ಅಸಲಿಯಲ್ಲ, ಕಾರ್ವೆಟ್ ಕಾರಿಗೆ ಫೆರಾರಿಯ ಮೈ ತೊಡಿಸಿದ್ದು. ಫೆರಾರಿ ಕಂಪನಿ ಸಿಟ್ಟಾಗಿ ನಕಲು ತಯಾರಕರ ಮೇಲೆ ದಾವೆ ಹೂಡಿತು. ಮೂರನೆಯ ಸರಣಿಯ (ಒಂದು ವರ್ಷದ ಕಂತುಗಳಿಗೆ ಒಂದು ಸರಣಿ) ಆರಂಭದಲ್ಲಿ ಆ ಕಾರನ್ನು ಕ್ಷಿಪಣಿಯಿಂದ ಉಡಾಯಿಸಿ, ಬಿಳಿ ಟೆಸ್ಟರೋಸಾ ತರಲಾಯಿತು.

ಆದರೆ ಈ ಧಾರಾವಾಹಿಯ ಜೀವ ಇರುವುದು ಕಾರಿನಲ್ಲೂ ಅಲ್ಲ, ಅಂಗಿಯಲ್ಲೂ ಅಲ್ಲ. ಮೊದಲ ಕಂತಿನ ಕೊನೆಯ ಭಾಗವನ್ನೇ ತೆಗೆದುಕೊಳ್ಳಿ. ಇಬ್ಬರೂ ರಾತ್ರಿ ಕಾರಿನಲ್ಲಿ ಶತ್ರುವನ್ನು ಎದುರುಗೊಳ್ಳಲು ಹೊರಟಿದ್ದಾರೆ. ಕ್ಯಾಮೆರಾ ಚಕ್ರದ ಪಕ್ಕಕ್ಕೆ ಇಳಿಯುತ್ತದೆ. ಬೀದಿದೀಪಗಳು ಕಾರಿನ ಮೂತಿಯ ಮೇಲೆ ಒಂದೊಂದಾಗಿ ಜಾರುತ್ತವೆ. ಟಬ್ಸ್ ಬಂದೂಕಿಗೆ ತೋಟಾ ತುಂಬುತ್ತಾನೆ. ಹಿನ್ನೆಲೆಯಲ್ಲಿ ಫಿಲ್ ಕಾಲಿನ್ಸ್ 1981ರಲ್ಲಿ ಹಾಡಿದ ‘ಇನ್ ದಿ ಏರ್ ಟುನೈಟ್’. ನಡುವೆ ಕ್ರಾಕೆಟ್ ಕಾರು ನಿಲ್ಲಿಸಿ, ದೂರವಾದ ಹೆಂಡತಿಗೆ ರಸ್ತೆಬದಿಯ ಫೋನಿನಿಂದ ಕರೆ ಮಾಡಿ, ನಮ್ಮ ನಡುವೆ ಇದ್ದದ್ದು ನಿಜವೇ ತಾನೇ ಎಂದು ಕೇಳಿ ಫೋನ್ ಇಡುತ್ತಾನೆ. ಮತ್ತೆ ಕಾರು, ಮತ್ತೆ ಹಾಡು. ಮಾತು ತೀರಾ ಕಡಿಮೆ. ಅಲ್ಲಿಯವರೆಗೆ ಟಿ.ವಿ.ಯ ಪೊಲೀಸರು ಗುಂಡು ಹಾರಿಸುವ ಮುನ್ನ ಮಾತನಾಡುತ್ತಿದ್ದರು; ಇವರು ಹಾಡಿಗೆ ಕಿವಿಗೊಟ್ಟು ಕುಳಿತರು. ಆ ಹಾಡನ್ನು ತೆಗೆದು ಬೇರೊಂದನ್ನು ಹಾಕಿ ನೋಡಿ, ಇಬ್ಬರು ಗಂಡಸರು ಸುಮ್ಮನೆ ಕಾರಿನಲ್ಲಿ ಹೋಗುತ್ತಿದ್ದಾರೆ ಅಷ್ಟೆ.

ಹಾಡುಗಳ ನಡುವಿನ ಸಂಗೀತವನ್ನೆಲ್ಲ ಕಟ್ಟಿದ್ದು ಪ್ರಾಗ್‌ನಲ್ಲಿ ಹುಟ್ಟಿದ ಯಾನ್ ಹ್ಯಾಮರ್. ಪ್ರತಿ ಕಂತಿನ ವಿಡಿಯೊ ಅವರ ಮನೆಗೆ ಹೋಗುತ್ತಿತ್ತು. ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ ಆ ಮನೆಯ ಸ್ಟುಡಿಯೊದಲ್ಲಿ ಹೆಚ್ಚುಕಡಿಮೆ ಒಬ್ಬರೇ ಕುಳಿತು ಸಿಂಥಸೈಜರ್ ನುಡಿಸಿ ಸಂಗೀತ ಹೊಂದಿಸಿ ಕಳುಹಿಸುತ್ತಿದ್ದರು. 1985ರ ನವೆಂಬರ್‌ನಲ್ಲಿ ಅವರ ಶೀರ್ಷಿಕೆ ಸಂಗೀತ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ಸಾಹಿತ್ಯದ ಒಂದು ಪದವೂ ಇಲ್ಲ.

ಮುಂದೆ ತಲೆನೋವಾದದ್ದು ಇದೇ ಸಂಗೀತ. ಚಿತ್ರದಲ್ಲಿ ಒಂದು ಹಾಡು ಬಳಸಲು ಎರಡು ಅನುಮತಿ ಬೇಕು: ಹಾಡನ್ನು ರಚಿಸಿದವರದು ಒಂದು, ಆ ಧ್ವನಿಮುದ್ರಣದ ಒಡೆತನವಿರುವ ಕಂಪನಿಯದು ಇನ್ನೊಂದು. 1980ರ ದಶಕದಲ್ಲಿ ಟಿ.ವಿ. ನಿರ್ಮಾಪಕರು ಸಾಮಾನ್ಯವಾಗಿ ಪ್ರಸಾರಕ್ಕೆ ಮಾತ್ರ ಹಣ ತೆತ್ತರು. ಜನ ಒಂದಿಡೀ ಧಾರಾವಾಹಿಯನ್ನು ಕೊಂಡು ಕಪಾಟಿನಲ್ಲಿ ಇಡುತ್ತಾರೆಂದು ಆಗ ಯಾರೂ ಎಣಿಸಿರಲಿಲ್ಲ. ಎಣಿಸಲು ಕಾರಣವೂ ಇರಲಿಲ್ಲ. ಒಂದು ವರ್ಷದ ಇಪ್ಪತ್ತೆರಡು ಕಂತು ತುಂಬಲು ಕ್ಯಾಸೆಟ್‌ಗಳ ಗೋಪುರವೇ ಬೇಕು. ಹಾಗಾಗಿ ಕ್ಯಾಸೆಟ್ ಕಾಲದಲ್ಲಿ ಆಯ್ದ ಕೆಲವು ಕಂತುಗಳು ಬಂದವು, ಅಷ್ಟೆ. ಡಿವಿಡಿ ಬಂದು, ‘ದಿ ಎಕ್ಸ್-ಫೈಲ್ಸ್’ನ ಮೊದಲ ಸರಣಿ 2000ದಲ್ಲಿ ಪೆಟ್ಟಿಗೆಯಾಗಿ ಮಾರಾಟವಾದಾಗ ಸ್ಟುಡಿಯೊಗಳ ಕಣ್ಣು ತೆರೆಯಿತು. ಆಗ ಹಳೆಯ ಒಪ್ಪಂದಗಳನ್ನು ಕಡತದಿಂದ ತೆಗೆದು ನೋಡಿದರೆ ಡಿಸ್ಕಿನ ಸೊಲ್ಲೇ ಇಲ್ಲ. ಪ್ರತಿ ಹಾಡಿಗೂ ಹೊಸ ಚೌಕಾಸಿ ಶುರುವಾಯಿತು.

ಚೌಕಾಸಿ ಕುದುರದೆ ಏನಾಯಿತು ಎಂಬುದಕ್ಕೆ ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ ಸಾಕ್ಷಿ. ಅದು ರೇಡಿಯೊ ಕೇಂದ್ರವೊಂದರ ಹಾಸ್ಯ ಧಾರಾವಾಹಿ. 2007ರಲ್ಲಿ ಅದರ ಡಿವಿಡಿ ಬಂದಾಗ ಎಷ್ಟೋ ಹಾಡುಗಳ ಜಾಗದಲ್ಲಿ ಹೆಸರಿಲ್ಲದ ಸಂಗೀತ ಕೂತಿತ್ತು, ಕೊಂಡವರು ಉಗಿದರು. ಬಹುಪಾಲು ಹಾಡು ಮರಳಿ ಬರಲು 2014ರವರೆಗೆ ಕಾಯಬೇಕಾಯಿತು. ಈ ಅನುಭವ ನಮಗೆ ಅಪರಿಚಿತವೇನಲ್ಲ. ಅಂತರ್ಜಾಲದಲ್ಲಿ ಹಳೆಯ ಕನ್ನಡ ಚಿತ್ರ ನೋಡುತ್ತಾ ಕುಳಿತಾಗ ನಾಯಕ ನಾಯಕಿ ಮರದ ಹಿಂದೆ ಹೋದರೋ ಇಲ್ಲವೋ, ಮುಂದಿನ ದೃಶ್ಯವೇ ಬಂದುಬಿಡುತ್ತದೆ. ಹಾಡು ಆಡಿಯೊ ಕಂಪನಿಯ ಸ್ವತ್ತು, ಚಿತ್ರ ಮತ್ತೊಬ್ಬರದು. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಈ ಜಟಿಲತೆಯನ್ನು ನೇರವಾಗಿಯೇ ಮುಟ್ಟಿತು: ಹಕ್ಕು ಬರೆದುಕೊಡುವಾಗ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಒಪ್ಪಂದದಲ್ಲಿ ಹೆಸರಿಸಿ ಹೇಳದ ಹೊರತು, ಆ ಹಕ್ಕು ಅನ್ವಯಿಸದು. ರಚನೆಕಾರರಿಗೆ ಇದು ನ್ಯಾಯ. ಪ್ರೇಕ್ಷಕನಿಗೆ ಅಡ್ಡಿಯಾಗುವುದೂ ಹೌದು, ಆದರೆ ಹಾಡು ಬರೆದವನ ಹೊಟ್ಟೆಯ ಮೇಲೆ ಹೊಡೆದು ನನ್ನ ಸಂಜೆ ಚೆನ್ನಾಗಿರಲಿ ಎನ್ನಲಾರೆ.

ಯೂನಿವರ್ಸಲ್ ಈ ವಿಷಯದಲ್ಲಿ ಕೈ ಬಿಚ್ಚಿತು. 2005ರ ಫೆಬ್ರವರಿಯಲ್ಲಿ ‘ಮಯಾಮಿ ವೈಸ್’ನ ಮೊದಲ ಸರಣಿ ಡಿವಿಡಿಯಾಗಿ ಬಂದಾಗ ಹಾಡುಗಳು ಬಹುಪಾಲು ಇದ್ದ ಹಾಗೆಯೇ ಇದ್ದವು, ಐದೂ ಸರಣಿ ಹೊರಬರುವಷ್ಟರಲ್ಲಿ 2007 ಬಂತು. ಹಾಡಿಗೆ ಬಿಚ್ಚಿದ ಕೈ ಡಿಸ್ಕಿನ ವಿಷಯದಲ್ಲಿ ಮುಷ್ಟಿ ಕಟ್ಟಿತು. ಮೊದಲ ಸರಣಿಯವು ಎರಡೂ ಬದಿಗೆ ಚಿತ್ರ ತುಂಬಿದ ಡಿಸ್ಕುಗಳು. ಹೆಸರು ಅಚ್ಚು ಮಾಡಲು ಬದಿಯೇ ಉಳಿದಿಲ್ಲ. ನಡುವಿನ ತೂತಿನ ಸುತ್ತ ಇರುವೆ ಸಾಲಿನಂಥ ಅಕ್ಷರಗಳನ್ನು ದೀಪಕ್ಕೆ ಹಿಡಿದು ಓದಿ, ಇದು ಯಾವ ಬದಿ ಎಂದು ತಿಳಿದುಕೊಳ್ಳಬೇಕು. ಎಲ್ಲಿ ಹಿಡಿದರೂ ಬೆರಳಚ್ಚು ಚಿತ್ರದ ಮೇಲೆಯೇ. ಮುಖ್ಯ ಘಟ್ಟದಲ್ಲಿ ಯಂತ್ರ ತಡವರಿಸಿ ನಿಂತರೆ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತು ಒರೆಸಿದರೆ ಗೀರು ಬೀಳುತ್ತದೆ. ಡಿವಿಡಿಗಾಗಿ ಜಗತ್ತನ್ನು ವಲಯಗಳಾಗಿ ಹಂಚಿದ್ದರು: ಅಮೆರಿಕದ ಡಿಸ್ಕ್ ಒಂದನೆಯ ವಲಯದ್ದು, ಭಾರತ ಐದನೆಯ ವಲಯ. ಎಲ್ಲ ವಲಯ ಓದುವ ಯಂತ್ರವಿಲ್ಲದಿದ್ದರೆ ಪರದೆಯ ಮೇಲೆ ಒಂದು ಸಾಲಿನ ಕ್ಷಮಾಪಣೆ ಮಾತ್ರ.

ಲಂಡನ್‌ನಿಂದ ತರಿಸಿದರಾದರೂ ಬಚಾವೇ? ಅಲ್ಲಿಯದು ನಮ್ಮಂತೆ ಪಾಲ್ ಪದ್ಧತಿ ಎಂದು ಹಿಗ್ಗಬೇಡಿ. ಸಿನಿಮಾ ರೀಲಿನಲ್ಲಿ ಸೆಕೆಂಡಿಗೆ 24 ಚಿತ್ರ, ಪಾಲ್‌ನಲ್ಲಿ 25. ಲೆಕ್ಕ ಹೊಂದಿಸಲು ಸಾಮಾನ್ಯವಾಗಿ ಇಡೀ ಕಂತನ್ನೇ ಅಷ್ಟು ವೇಗ ಹೆಚ್ಚಿಸಿ ಓಡಿಸುತ್ತಾರೆ. 48 ನಿಮಿಷದ ಕಂತು 46ರಲ್ಲಿ ಮುಗಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ನಮ್ಮ ಬೀದಿಯಲ್ಲಿ ಜೀವಮಾನವಿಡೀ ವೀಣೆ ನುಡಿಸಿದ ಅಮ್ಮನವರೊಬ್ಬರಿದ್ದಾರೆ. ಕಾಲಿನ್ಸ್ ಹಾಡನ್ನು ಆಡಿಯೊ ಸಿ.ಡಿ.ಯಲ್ಲಿ ಕೇಳಿಸಿ, ಬೆನ್ನಿಗೇ ಲಂಡನ್ ಡಿಸ್ಕಿನ ದೃಶ್ಯ ಹಾಕಿದೆ. “ಹಾಡು ಅದೇ, ಶ್ರುತಿ ಅದಲ್ಲವಲ್ಲಪ್ಪ. ಇದರಲ್ಲಿ ತುಸು ಏರಿದೆ” ಎಂದರು, ಕಾಫಿ ಲೋಟ ಕೆಳಗಿಡದೆ. ನಮ್ಮ ಇಪ್ಪತ್ತೆರಡು ಶ್ರುತಿಗಳ ಗಣಿತದಲ್ಲಿ 25/24 ಅನುಪಾತದ್ದೇ ಒಂದು ಅಂತರವಿದೆ, ನ್ಯೂನಶ್ರುತಿ. ಪಾಲ್ ಡಿಸ್ಕ್ ಏರಿಸುವುದು ಕರಾರುವಾಕ್ಕಾಗಿ ಅಷ್ಟನ್ನೇ. ಟಿ.ವಿ. ಎಂಜಿನಿಯರುಗಳು ಗೊತ್ತಿಲ್ಲದೆಯೇ ಶಾಸ್ತ್ರಬದ್ಧವಾಗಿ ಅಪಶ್ರುತಿ ಮಾಡಿದ್ದಾರೆ.

2016ರಲ್ಲಿ ಬಂದ ಬ್ಲೂ-ರೇ, ಅಂದರೆ ಮೂಲ ವೇಗದಲ್ಲೇ ಓಡಬಲ್ಲ ಹೆಚ್ಚು ಸ್ಪಷ್ಟತೆಯ ಡಿಸ್ಕ್, ಈ ತೊಂದರೆಯನ್ನು ಕಳೆಯಿತು. ಧಾರಾವಾಹಿಯನ್ನು 35 ಮಿ.ಮೀ. ಫಿಲ್ಮಿನಲ್ಲಿ ತೆಗೆದಿದ್ದರಿಂದ, ಅಂದಿನ ಟಿ.ವಿ. ಎಂದೂ ತೋರಿಸಲಾಗದಷ್ಟು ವಿವರ ಅದರಲ್ಲಿ ಅಡಗಿತ್ತು. ಲಿನನ್ ಕೋಟಿನ ನೆರಿಗೆ, ನಿಯಾನ್ ದೀಪದ ಸುತ್ತಲಿನ ಮಂಜು, ಹಾಗೆಯೇ ಸಾಹಸ ದೃಶ್ಯದಲ್ಲಿ ಜಾನ್ಸನ್ ಬದಲಿಗೆ ಓಡುವ ಬದಲಿ ನಟನ ಮುಖವೂ ಕಾಣುತ್ತದೆ. ಚಿತ್ರದಲ್ಲಿ ಆಡುವ ಫಿಲ್ಮ್ ಕಣಗಳನ್ನು ದೋಷವೆಂದು ಕೆಲವರು ಟಿ.ವಿ.ಯ ‘ನುಣುಪು’ ಗುಂಡಿ ಒತ್ತುತ್ತಾರೆ. ಆಮೇಲೆ ಎಲ್ಲರ ಮುಖವೂ ಮೇಣದ ಬೊಂಬೆ. ಇನ್ನೂ ದೊಡ್ಡ ಅಪಚಾರ, ಹಳೆಯ ಟಿ.ವಿ.ಯ 4:3 ಅಳತೆಯ ಚಿತ್ರವನ್ನು ಅಗಲ ಪರದೆಗೆ ಎಳೆದು ಹಿಗ್ಗಿಸುವುದು. ಎರಡು ಬದಿಯ ಕಪ್ಪು ಪಟ್ಟಿ ಕಂಡರೆ ಕೊಟ್ಟ ದುಡ್ಡಿಗೆ ಮೋಸವಾಯಿತೆಂದು ಭಾವಿಸುವ ನೆಂಟರು ನನಗೂ ಇದ್ದಾರೆ. ರಿಮೋಟ್ ಅವರ ಕೈಗೆ ಕೊಡುವುದಿಲ್ಲ.

ಈ ಸ್ಪಷ್ಟತೆಯಲ್ಲಿ ಕಾಣುವ ಮುಖ್ಯ ಪಾತ್ರವೆಂದರೆ ಊರು. 1980ರಲ್ಲಿ ಕ್ಯೂಬಾದಿಂದ ಸುಮಾರು 1.25 ಲಕ್ಷ ಜನ ದೋಣಿಗಳಲ್ಲಿ ಫ್ಲಾರಿಡಾಕ್ಕೆ ಬಂದಿಳಿದರು. ಅದೇ ವರ್ಷ ಮಯಾಮಿಯಲ್ಲಿ ದೊಡ್ಡ ಗಲಭೆ. ಕೊಕೇನ್ ಹಣ ಹೊಳೆಯಾಗಿ ಹರಿಯುತ್ತಿತ್ತು. ಸಮುದ್ರ ದಂಡೆಯ 1930ರ ದಶಕದ ಆರ್ಟ್ ಡೆಕೊ ಎಂಬ ಅಲಂಕಾರ ಶೈಲಿಯ ಹೋಟೆಲುಗಳು ಸುಣ್ಣ ಉದುರಿ ಕೆಡವುವವರ ದಾರಿ ಕಾಯುತ್ತಿದ್ದವು. ಬಾರ್ಬರಾ ಕ್ಯಾಪಿಟ್‌ಮನ್ ಎಂಬಾಕೆ ಹಟ ಹಿಡಿದು 1979ರಲ್ಲಿ ಆ ಬಡಾವಣೆಯನ್ನು ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿಸಿದ್ದರು. ವಿನ್ಯಾಸಕ ಲಿಯನಾರ್ಡ್ ಹೊರೊವಿಟ್ಜ್ ಮುಂಭಾಗಗಳಿಗೆ ಐಸ್‌ಕ್ರೀಮ್ ಬಣ್ಣ ಬಳಿಸಿದ್ದರು. ಧಾರಾವಾಹಿ ಆ ಬಣ್ಣವನ್ನು ವಾರವಾರ ಲಕ್ಷಾಂತರ ಮನೆಗೆ ತಲುಪಿಸಿತು, ಪ್ರವಾಸಿಗರು ಹಿಂದೆಯೇ ಬಂದರು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದದ್ದನ್ನು ಕಂಡು, ಕೆಡವಬೇಕೇ ಉಳಿಸಬೇಕೇ ಎಂದು ವರ್ಷಗಟ್ಟಲೆ ಜಗಳವಾಡಿದ ಊರಿನವನಿಗೆ ಆ ದೃಶ್ಯಗಳನ್ನು ನೋಡುವಾಗ ಹೊಟ್ಟೆ ಉರಿಯದೆ ಇರುವುದಿಲ್ಲ. ಟಿ.ವಿ. ಒಂದೇ ಅವನ್ನು ಉಳಿಸಿತು ಎನ್ನಲಾಗದು, ಪಟ್ಟಿಗೆ ಸೇರಿಸಿದವರ ಹೋರಾಟ ಮೊದಲಿನದು.

ಹೊಸದಾಗಿ ನೋಡುವವರಿಗೆ ನನ್ನ ಸಲಹೆ: ಮೊದಲೆರಡು ಸರಣಿಯನ್ನು ಕಣ್ಣುಮುಚ್ಚಿ ಖರೀದಿಸಬಹುದು. ಕಪ್ಪು ಸೂಟಿನ ಲೆಫ್ಟಿನೆಂಟ್ ಕಾಸ್ಟಿಲೊ ಪಾತ್ರಕ್ಕೆ 1985ರಲ್ಲಿ ಟಿ.ವಿ. ಲೋಕದ ಎಮಿ ಪ್ರಶಸ್ತಿ ಪಡೆದ ಎಡ್ವರ್ಡ್ ಜೇಮ್ಸ್ ಓಲ್ಮೋಸ್, ಎದುರಿನವರ ಮುಖ ನೋಡದೆ ಮಾತನಾಡಿಯೇ ಕೋಣೆಯನ್ನು ನಡುಗಿಸುತ್ತಾರೆ. ಇನ್ನೂ ತಾರೆಯಾಗದ ಬ್ರೂಸ್ ವಿಲ್ಲಿಸ್ ಮೊದಲ ಸರಣಿಯಲ್ಲೇ ಖಳನಾಗಿ ಸಿಗುತ್ತಾರೆ. ಮೂರರಲ್ಲಿ ಬಣ್ಣ ಕಪ್ಪಾಗುತ್ತದೆ, ಕಥೆಯೂ. ನಾಲ್ಕರಲ್ಲಿ ಹಳಿ ತಪ್ಪಿತು. ಒಂದು ಕಂತಿನಲ್ಲಿ ಗಾಯಕ ಜೇಮ್ಸ್ ಬ್ರೌನ್ ಜೊತೆ ಹಾರುವ ತಟ್ಟೆಗಳು, ಇನ್ನೊಂದರಲ್ಲಿ ಕಳುವಾದ ಹೋರಿ ವೀರ್ಯದ ಬೆನ್ನು ಹತ್ತುವ ಪತ್ತೇದಾರರು. ಮನೆಯಲ್ಲಿ ಹಳ್ಳಿಕಾರ್ ಜೋಡಿ ಸಾಕಿರುವ ಮಂಡ್ಯದ ಸ್ನೇಹಿತನೊಬ್ಬ ಮಾತ್ರ ಇದನ್ನು ಒಪ್ಪುವುದಿಲ್ಲ. ಐದು ಸರಣಿಯಲ್ಲಿ ನಂಬುವಂಥ ಕಂತು ಆ ಹೋರಿಯದೊಂದೇ ಎಂದು ಆತನ ವಾದ.